ಎಡಗಡೆ ಬಟನ್ನಿನ ಕುಂಕುಮ

ನಮ್ಮ ಮನೆಯಲ್ಲಿ ಆಯುಧಪೂಜೆಯ ದಿನ ಕಂಪ್ಯೂಟರಿಗೆ ಕುಂಕುಮ ಇಡುವ ಅಧಿಕಾರ ನನಗೊಬ್ಬಳಿಗೇ. ಅದೂ ಹೇಗೆಂದರೆ, ಮೊದಲು ಅದನ್ನು ಹಳೆಯ ಟವೆಲಿನಲ್ಲಿ ಸುತ್ತಬೇಕು, ಟವೆಲಿನ ಮೇಲೆ ಒಂದು ಕಾಗದ ಇಡಬೇಕು, ಕಾಗದದ ಮೇಲೆ ಚಿಟಿಕೆ ಒಣ ಕುಂಕುಮ. ಗಂಧ ಕಲಸುವಂತಿಲ್ಲ. ಹೂವನ್ನು ಕೂಡ ಚೆನ್ನಾಗಿ ಕೊಡವಿಯೇ ಇಡಬೇಕು. "ಅಮ್ಮ ಪೂಜೆ ಮಾಡ್ತಾ ಇದಾಳೋ, ಪಾರ್ಸಲ್ ಕಟ್ತಾ ಇದಾಳೋ" ಎಂದು ಮಕ್ಕಳು ನಗುತ್ತಾರೆ. ನಗಲಿ. ಅವರಿಗೆ ಹೇಳದ ಕಾರಣವೊಂದಿದೆ, ನಿಮಗೆ ಹೇಳುತ್ತೇನೆ. ಕೇಳಿದ ಮೇಲೆ ನನ್ನನ್ನು ಕೆಟ್ಟವಳು ಅಂದುಕೊಳ್ಳಬೇಡಿ. ಅಂದುಕೊಳ್ಳಲೇಬೇಕು ಅನ್ನಿಸಿದರೆ ಸ್ವಲ್ಪ ಹೊತ್ತು ಅಂದುಕೊಂಡು ಬಿಟ್ಟುಬಿಡಿ.

ಹುಟ್ಟಿನಿಂದಲೇ ನನಗೆ ಹೊಟ್ಟೆಕಿಚ್ಚು ಸ್ವಲ್ಪ ಜಾಸ್ತಿ. ಕೆಲವರಿಗೆ ನೆಗಡಿ ಬೇಗ ಹಿಡಿಯುವುದಿಲ್ಲವೇ, ಹಾಗೆ. ಕ್ಲಾಸಿನಲ್ಲಿ ಪಕ್ಕದವಳ ಹತ್ತಿರ ಆಯಸ್ಕಾಂತದ ಮುಚ್ಚಳದ ಪೆನ್ಸಿಲ್ ಡಬ್ಬಿ ಇತ್ತು. ಅದು ಟಪ್ಪೆಂದು ತಾನಾಗಿ ಮುಚ್ಚಿಕೊಂಡಾಗಲೆಲ್ಲ ನನಗೆ ಲೆಕ್ಕ ತಪ್ಪುತ್ತಿತ್ತು. ಎದುರು ಸಾಲಿನ ಮನೆಗಳಿಗೆ ನಲ್ಲಿ ನೀರು ನಮಗಿಂತ ಕಾಲು ಗಂಟೆ ಮೊದಲು ಬರುತ್ತದೆಂದು ಉರಿದುಕೊಂಡಿದ್ದೇನೆ, ನೀರು ಹಿಡಿಯುವ ಕೆಲಸ ನನ್ನದಲ್ಲದಿದ್ದರೂ. ಹಿಂದಿನ ಬೆಂಚಿನ ಹುಡುಗಿಗೆ ಮೈಮೇಲೆ ಅಮ್ಮ ಎದ್ದಿದೆ, ಹದಿನೈದು ದಿನ ಸ್ಕೂಲಿಗೆ ಬರುವುದಿಲ್ಲ, ಮನೆಯಲ್ಲಿ ಬೇವಿನ ಸೊಪ್ಪಿನ ಮೇಲೆ ಮಲಗಿಸಿ ಎಳನೀರು ಕುಡಿಸುತ್ತಿದ್ದಾರೆ ಎಂದು ಕೇಳಿದ ದಿನ, ನನಗೂ ಅಮ್ಮ ಏಳಲಿ ಎಂದು ದೇವರ ಮುಂದೆ ನಿಂತು ಕೈ ಮುಗಿದಿದ್ದೆ. ದೇವರಿಗೆ ನನ್ನ ಗುಣ ಗೊತ್ತಿತ್ತೆಂದು ಕಾಣುತ್ತದೆ, ಕಿವಿಗೆ ಹಾಕಿಕೊಳ್ಳಲಿಲ್ಲ.

ಆದರೆ ಒಂದು ವಿಷಯದಲ್ಲಿ ಮಾತ್ರ ನಾನು ಯಾರನ್ನೂ ನೋಡಿ ಉರಿಯಬೇಕಾಗಿರಲಿಲ್ಲ. ನನಗೆ ಅಜ್ಜಿ ಇದ್ದಳು.

ಎಂಬತ್ತರ ದಶಕದ ರಾಜಾಜಿನಗರ. ಕಾರ್ಖಾನೆಯ ಸೈರನ್ ಕೇಳಿ ಗಡಿಯಾರ ತಿದ್ದಿಕೊಳ್ಳುವ ಬೀದಿ ನಮ್ಮದು. ಅಪ್ಪ ಅಲ್ಲೇ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ವರ್ಕ್‌ಷಾಪಿನಲ್ಲಿ ಲೇತ್ ಮಿಷನ್ ಮೇಲೆ ಕೆಲಸ ಮಾಡುತ್ತಿದ್ದರು. ತಾತ ಮೆಜೆಸ್ಟಿಕ್ ಕಡೆಯ ಒಂದು ಹೋಟೆಲಿನಲ್ಲಿ ಮೂವತ್ತು ವರ್ಷ ಮಾಣಿಯಾಗಿದ್ದು ರಿಟೈರಾಗಿ, ಈಗ ಮನೆ ಮುಂದಿನ ಕಟ್ಟೆಯ ಮೇಲೆ ಪೇಪರ್ ಓದುತ್ತಾ ಬೀದಿಯನ್ನೇ ಹೋಟೆಲಿನಂತೆ ನಡೆಸುತ್ತಿದ್ದರು. ನನ್ನದು ಬೆಳಗಿನ ಪಾಳಿಯ ಸ್ಕೂಲು. ಒಂದು ಗಂಟೆಗೆ ಬಂದು ಊಟ ಮಾಡಿದರೆ ಆಮೇಲಿನ ಮಧ್ಯಾಹ್ನ ಪೂರ್ತಿ ನನ್ನದು ಮತ್ತು ಅಜ್ಜಿಯದು. ಕೆಂಪು ಗಾರೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು, ಕವಡೆ ಹಾಕಿ, ನಾಲ್ಕು ಗಂಟೆಯ ಕಾಫಿಯ ತನಕ ಆಡುತ್ತಿದ್ದೆವು. ಅಜ್ಜಿ ಮೋಸ ಮಾಡುತ್ತಿದ್ದಳು. ನಾನೂ ಮಾಡುತ್ತಿದ್ದೆ. ಇಬ್ಬರಿಗೂ ಅದು ಗೊತ್ತಿತ್ತು, ಆದ್ದರಿಂದ ಆಟ ನ್ಯಾಯವಾಗಿಯೇ ನಡೆಯುತ್ತಿತ್ತು.

ಆ ವರ್ಷ ಬೇಸಗೆಯಲ್ಲಿ ಎದುರು ಮನೆಯ ಮಹಡಿಗೆ ಗಿರಿಜಾಳ ಮನೆಯವರು ಬಾಡಿಗೆಗೆ ಬಂದರು. ಧಾರವಾಡದ ಕಡೆಯವರು, ಅವಳ ತಂದೆಗೆ ಬ್ಯಾಂಕಿನಲ್ಲಿ ಕೆಲಸ, ಬೆಂಗಳೂರಿಗೆ ವರ್ಗವಾಗಿತ್ತು. ಗಿರಿಜಾ ನನ್ನದೇ ವಯಸ್ಸಿನವಳು, ಹನ್ನೊಂದು. ಎರಡು ಜಡೆ, ಮಾತಿಗೊಂದು 'ರೀ'. ನಮ್ಮ ಬೀದಿಯಲ್ಲಿ ದೊಡ್ಡವರನ್ನು ಅಷ್ಟು ಮರ್ಯಾದೆಯಿಂದ ಮಾತಾಡಿಸುವ ಮಕ್ಕಳನ್ನು ಯಾರೂ ನೋಡಿರಲಿಲ್ಲ. ಅಜ್ಜಿಯನ್ನು ನಾನು "ಏ ಅಜ್ಜೀ, ಬಾರೇ" ಎಂದು ಕರೆದರೆ, ಅವಳು "ಅಜ್ಜೀ, ಊಟಾ ಆತೇನ್ರೀ?" ಎಂದು ಕೇಳುವಳು. ಅಜ್ಜಿಯ ಮುಖ ಅರಳುವುದು. ಅಲ್ಲಿಂದಲೇ ನನಗೆ ಶುರುವಾಯಿತು.

ಗಿರಿಜಾಳ ಸೋದರಮಾವ ಹಡಗಿನಲ್ಲಿ ಕೆಲಸದಲ್ಲಿದ್ದ. ಅವನು ರಜಕ್ಕೆ ಬಂದಾಗ ಅವಳಿಗೊಂದು ವಿಡಿಯೋ ಗೇಮ್ ತಂದುಕೊಟ್ಟ. ಈಗಿನ ಮಕ್ಕಳ ಕಣ್ಣಿಗೆ ಅದು ಹಳೆಯ ಕ್ಯಾಲ್ಕುಲೇಟರಿನಂತೆ ಕಂಡೀತು. ಅಂಗೈಯಗಲದ ಡಬ್ಬಿ, ನಡುವೆ ಬೂದು ಗಾಜು, ಎಡಕ್ಕೊಂದು ಬಲಕ್ಕೊಂದು ಬಟನ್. ಗಾಜಿನೊಳಗೆ ಒಂದು ಹೋಟೆಲ್. ಮಹಡಿಯ ಮೂರು ಕಿಟಕಿಗಳಲ್ಲಿ ಮೂರು ಕೋತಿಗಳು ಕೂತು ಕಾಫಿ ಕಪ್ಪುಗಳನ್ನು ಕೆಳಕ್ಕೆ ಎಸೆಯುತ್ತವೆ. ಕೆಳಗೆ ಡೊಳ್ಳುಹೊಟ್ಟೆಯ ಒಬ್ಬ ಮಾಣಿ ತಟ್ಟೆ ಹಿಡಿದು ಎಡಕ್ಕೂ ಬಲಕ್ಕೂ ಓಡಿ ಅವನ್ನು ಹಿಡಿಯಬೇಕು. ಒಂದು ಕಪ್ಪು ಬಿದ್ದು ಒಡೆದರೆ ಅವನು ತಲೆಯ ಮೇಲೆ ಕೈ ಹೊತ್ತು ಕೂರುತ್ತಾನೆ. ಮೂರು ಒಡೆದರೆ ಪಕ್ಕದ ಬಾಗಿಲು ತೆಗೆದು ಹೋಟೆಲಿನ ಯಜಮಾನಿ ಪೊರಕೆ ಹಿಡಿದು ಬರುತ್ತಾಳೆ. ಅಷ್ಟೇ ಆಟ.

ಅಷ್ಟೇ ಅಂದೆ. ಅದರ ರುಚಿ ಏನೆಂದು ಹೇಳುವುದು ಕಷ್ಟ. ಕೋತಿಗಳು ಮೊದಲು ನಿಧಾನವಾಗಿ, ಸಂಬಳಕ್ಕೆ ಕೆಲಸ ಮಾಡುವವರ ಹಾಗೆ ಎಸೆಯುತ್ತವೆ. ನಿಮಗೆ ಧೈರ್ಯ ಬರುತ್ತದೆ. ಧೈರ್ಯ ಬಂದದ್ದು ಅವಕ್ಕೆ ಹೇಗೋ ಗೊತ್ತಾಗಿ ವೇಗ ಹೆಚ್ಚುತ್ತದೆ. ಟಿಕ್ ಟಿಕ್ ಎನ್ನುತ್ತಿದ್ದದ್ದು ಟಿಕಟಿಕಟಿಕ ಎನ್ನುತ್ತದೆ, ಮಾಣಿಯ ಜೊತೆ ನಿಮ್ಮ ಭುಜವೂ ಆ ಕಡೆ ಈ ಕಡೆ ವಾಲುತ್ತದೆ, ನಾಲಿಗೆ ಹೊರಗೆ ಬಂದಿರುತ್ತದೆ. ಕೊನೆಗೆ ಸೋಲುವುದಂತೂ ಖಂಡಿತ. ಆದರೆ ಸೋತರೆ ಅಲ್ಲಿ ಯಾರೂ ಸಾಯುವುದಿಲ್ಲ. ಪೊರಕೆ ಬರುತ್ತದೆ, ಸುತ್ತ ಕೂತವರೆಲ್ಲ ನಗುತ್ತಾರೆ. ಗೆದ್ದವನಿಗಿಂತ ಸೋತವನಿಗೆ ಹೆಚ್ಚು ನಗು ಸಿಗುವ ಆಟವನ್ನು ನಾನು ಬೇರೆ ನೋಡಿಲ್ಲ.

ಇದನ್ನೆಲ್ಲ ನಾನು ಆಡಿ ತಿಳಿದದ್ದಲ್ಲ, ನೋಡಿ ತಿಳಿದದ್ದು. ಗಿರಿಜಾ ಅದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದ ಮೊದಲ ದಿನ ನನಗೆ ಆಡಲು ಕೊಟ್ಟಳು. ನನ್ನ ಮೂರು ಕಪ್ಪೂ ಒಂದೇ ಉಸಿರಿಗೆ ಒಡೆದವು. "ನನಗೇನೂ ಬೇಡ ಇದು" ಎಂದು ಗತ್ತಿನಿಂದ ವಾಪಸು ಕೊಟ್ಟೆ. ಇನ್ನೊಂದು ಸಲ ಆಡು ಎಂದು ಅವಳು ಬಲವಂತ ಮಾಡಲಿ ಎಂದು ಕಾದೆ. ಅವಳು ಅಜ್ಜಿಯ ಕಡೆ ತಿರುಗಿದಳು.

"ಅಜ್ಜೀ, ನೀವ್ ಆಡ್ತೀರೇನ್ರೀ? ಭಾಳ ಮಜಾ ಐತ್ರಿ. ಹಿಂಗ ಒತ್ರಿ."

ಅಜ್ಜಿ ಕನ್ನಡಕ ಹಾಕಿಕೊಂಡು ಗಾಜಿನೊಳಗೆ ಇಣುಕಿದಳು. ಮಾಣಿಯ ಜೊತೆ ಅವಳ ಕಣ್ಣೂ ಎಡಕ್ಕೆ ಬಲಕ್ಕೆ ಓಡಿತು. ಆಮೇಲೆ, "ಅಯ್ಯೋ ಪಾಪ, ಎಷ್ಟು ಓಡ್ತಾನೇ ಇವ್ನು! ನಮ್ಮನೆಯೋರೂ ಹಿಂಗೇ ಓಡ್ತಿದ್ರು ಕಣೇ" ಎಂದಳು.

ಕಟ್ಟೆಯಿಂದ ತಾತನ ಧ್ವನಿ ಬಂತು. "ನಾನು ಓಡ್ತಿದ್ದಾಗ ಒಂದು ದಿನ ಪಾಪ ಅನ್ಲಿಲ್ಲ ನೀನು."

ಅಜ್ಜಿಗೆ ಅದು ಕೇಳಿಸಲೇ ಇಲ್ಲ. ಅವಳು ಆಗಲೇ ಎಡಕ್ಕೆ ಹೋಗಿದ್ದಳು.

ಅಂದಿನಿಂದ ನನ್ನ ಮಧ್ಯಾಹ್ನಗಳು ಹೋದವು. ಊಟವಾಗಿ ಎಲೆಅಡಿಕೆ ಹಾಕಿಕೊಂಡ ಕೂಡಲೇ ಅಜ್ಜಿ ಸೆರಗು ಸರಿಮಾಡಿಕೊಂಡು ಎದುರು ಮನೆಯ ಮೆಟ್ಟಿಲು ಹತ್ತುತ್ತಿದ್ದಳು. ಮಂಡಿನೋವೆಂದು ನಮ್ಮ ಮನೆಯ ಒಂದು ಹೊಸ್ತಿಲು ದಾಟಲೂ ಗೊಣಗುತ್ತಿದ್ದ ಹೆಂಗಸು ಅಲ್ಲಿ ಹದಿನಾರು ಮೆಟ್ಟಿಲು ಹತ್ತುತ್ತಿದ್ದಳು. ಎಣಿಸಿದ್ದು ನಾನೇ. ಮೊದಲೆರಡು ದಿನ ನಾನೂ ಹಿಂದೆ ಹೋದೆ. ಅಜ್ಜಿ ಮತ್ತು ಗಿರಿಜಾ ಸರದಿಯ ಮೇಲೆ ಆಡುತ್ತಿದ್ದರು. ನನ್ನ ಸರದಿ ಬಂದು ಹೋಗಲು ಅರ್ಧ ನಿಮಿಷವೂ ಬೇಕಾಗುತ್ತಿರಲಿಲ್ಲ. ಅಜ್ಜಿಗೆ ಮಾತ್ರ ಕೈ ಕುದುರಿಬಿಟ್ಟಿತ್ತು. ಮುನ್ನೂರು, ನಾನ್ನೂರು ಕಪ್ಪು ಹಿಡಿಯುತ್ತಿದ್ದಳು. ಮಾಣಿಯ ಜೊತೆ ಮಾತಾಡುತ್ತಿದ್ದಳು: "ಬಾರಪ್ಪಾ, ಈ ಕಡೆ ಬಾ, ಹಾಂ, ಭೇಷ್." ಕೆಲವು ಸಲ ಮೂರನೆಯ ಕಪ್ಪನ್ನು ಬೇಕೆಂದೇ ಬೀಳಿಸುತ್ತಿದ್ದಳು. "ಯಜಮಾನಿನ ನೋಡಿ ತುಂಬಾ ಹೊತ್ತಾಯ್ತು" ಎಂದು ಕಾರಣ ಕೊಡುತ್ತಿದ್ದಳು. ಆಗ ಗಿರಿಜಾ ಅಜ್ಜಿಯ ತೊಡೆಯ ಮೇಲೆ ಬಿದ್ದು ನಗುತ್ತಿದ್ದಳು. ಆ ತೊಡೆ ನನ್ನದು. ಮೂರನೆಯ ದಿನ ನಾನು ಹೋಮ್‌ವರ್ಕ್ ಇದೆ ಎಂದು ಮನೆಯಲ್ಲೇ ಉಳಿದೆ. ಕಿಟಕಿಯಲ್ಲಿ ಕೂತು ಎದುರು ಮಹಡಿಯ ನಗುವನ್ನು ಕೇಳುತ್ತಾ, ಎರಡೂ ಕಡೆಯ ಕವಡೆಗಳನ್ನು ನಾನೇ ಹಾಕಿ ಚೌಕಾಬಾರ ಆಡಿದೆ. ಅದರಲ್ಲೂ ಸೋತೆ.

ನನ್ನ ಕಷ್ಟ ಅರ್ಥವಾದದ್ದು ತಾತನಿಗೊಬ್ಬರಿಗೇ. ಯಾಕೆಂದರೆ ಅವರಿಗೂ ಅದೇ ಕಾಯಿಲೆ. ಅಜ್ಜಿ ರಾತ್ರಿ ಊಟಕ್ಕೆ ಕೂತಾಗಲೂ ಆ ಮಾಣಿಯ ಸುದ್ದಿಯನ್ನೇ ಎತ್ತುತ್ತಿದ್ದಳು. ಒಂದು ದಿನ ತಾತ ತಾವೇ ಎದುರು ಮನೆಗೆ ಹೋಗಿ ಅವನನ್ನು ಪರೀಕ್ಷಿಸಿ ಬಂದರು. "ತಟ್ಟೆ ಹಿಡಿಯೋ ರೀತೀನಾ ಅದು? ಮೂರು ದಿನ ನಿಲ್ತಿರ್ಲಿಲ್ಲ ನಮ್ಮ ಹೋಟೆಲಲ್ಲಿ" ಎಂದು ಮೂಗು ಮುರಿದರು. ನನಗೆ ಎಷ್ಟೋ ಸಮಾಧಾನವಾಯಿತು.

ಹೀಗಿರುವಾಗ ನವರಾತ್ರಿ ಬಂತು. ಆಯುಧಪೂಜೆಯ ಬೆಳಿಗ್ಗೆ ಅಪ್ಪ ವರ್ಕ್‌ಷಾಪಿನ ಪೂಜೆಗೆ ನನ್ನನ್ನೂ ಕರೆದುಕೊಂಡು ಹೋದರು. ಲೇತ್ ಮಿಷನ್ನು ತೊಳೆದ ಎಮ್ಮೆಯಂತೆ ಹೊಳೆಯುತ್ತಿತ್ತು, ಚೆಂಡುಹೂವಿನ ಹಾರ ಹಾಕಿದ್ದರು. ಹೊಸ ಕೆಲಸಗಾರನೊಬ್ಬ ಗಂಧದ ಬಟ್ಟಲು ಹಿಡಿದು ಅದರ ಚಕ್ರದ ಕಡೆ ಕೈ ಚಾಚಿದಾಗ ಅಪ್ಪ ತಡೆದರು. "ಆಡೋ ಜಾಗಕ್ಕೆ ಹಚ್ಬಾರ್ದು ಕಣಪ್ಪಾ. ಒಣಗಿ ಗಟ್ಟಿಯಾಗಿ ಹಿಡ್ಕೊಂಡ್ಬಿಡ್ತದೆ. ಮೈಗೆ ಹಚ್ಚು." ಇದನ್ನು ನಾನು ಕಿವಿಯಾರೆ ಕೇಳಿದೆ. ಇದೊಂದನ್ನು ನೀವು ನೆನಪಿನಲ್ಲಿಡಿ.

ಕಡ್ಲೆಪುರಿಯ ಪೊಟ್ಟಣ ಹಿಡಿದು ಮನೆಗೆ ಬಂದಾಗ ಅಜ್ಜಿ ನಮ್ಮ ಪೂಜೆಗೆ ಜೋಡಿಸುತ್ತಿದ್ದಳು. ದೇವರ ಮುಂದೆ ಮಣೆಯ ಮೇಲೆ ಈಳಿಗೆಮಣೆ, ಅಮ್ಮನ ಕತ್ತರಿ, ಅಪ್ಪನ ಸ್ಪ್ಯಾನರು, ತಾತನ ಹೋಟೆಲ್ ಕಾಲದ ಸೋಡಾ ಓಪನರ್. ಪೂಜೆಗೆ ಇಟ್ಟದ್ದನ್ನು ಮಾರನೆಯ ದಿನ, ವಿಜಯದಶಮಿಯ ಬೆಳಗಿನ ಪೂಜೆಯಾಗುವ ತನಕ ಮುಟ್ಟುವಂತಿಲ್ಲ. ಆ ದಿನ ನಮ್ಮ ಮನೆಯಲ್ಲಿ ತರಕಾರಿ ಕೂಡ ಬೆಳಿಗ್ಗೆಯೇ ಹೆಚ್ಚಿಟ್ಟಿರುತ್ತಿದ್ದರು. ಅಜ್ಜಿ ಏನನ್ನು ಬೇಕಾದರೂ ಮೀರಿಯಾಳು, ಇದನ್ನು ಮೀರುವವಳಲ್ಲ. ಮಣೆಯನ್ನು ನೋಡುತ್ತಾ ನಿಂತ ನನ್ನ ತಲೆಗೆ ಉಪಾಯ ಹೊಳೆಯಿತು.

"ಅಜ್ಜೀ, ನಿನ್ನ ಮಾಣಿ ಮಿಷನ್ನಿಗೆ ಪೂಜೆ ಬೇಡ್ವಾ?"

ಅಜ್ಜಿ ನಾಲಿಗೆ ಕಚ್ಚಿಕೊಂಡಳು. "ಹೌದಲ್ಲೇ! ಮರ್ತೇ ಹೋಗಿತ್ತು. ದಿನಾ ಅಷ್ಟು ಕೆಲಸ ಮಾಡುತ್ತೆ ಪಾಪ. ಹೋಗು, ಗಿರಿಜನ್ನ ಕೇಳಿ ಇಸ್ಕೊಂಬಾ."

ಗಿರಿಜಾ ಎರಡು ಮಾತಾಡದೆ ಕೊಟ್ಟಳು. ಒಂದು ಮಧ್ಯಾಹ್ನ ಅಜ್ಜಿ ನನ್ನ ಜೊತೆ ಇರಲಿ, ಅಷ್ಟೇ ನನ್ನ ಆಸೆ ಇದ್ದದ್ದು. ಅಲ್ಲಿಗೇ ನಿಂತಿದ್ದರೆ ನಾನು ಇವತ್ತು ಟವೆಲು ಸುತ್ತಬೇಕಾಗಿರಲಿಲ್ಲ.

ಅಜ್ಜಿ ಗಂಧವನ್ನು ನೀರುನೀರಾಗಿ ಕಲಸಿದ್ದಳು. ಎಲ್ಲಕ್ಕೂ ಹಚ್ಚಿ, ಮೇಲೆ ಕುಂಕುಮವಿಟ್ಟು, ಕೊನೆಗೆ ಗೇಮನ್ನು ಕೈಗೆತ್ತಿಕೊಂಡು ಯೋಚಿಸಿದಳು. "ಗಾಜಿನ ಮೇಲಿಟ್ರೆ ಅವನ ಮುಖಕ್ಕೇ ಬಳಿದಂಗಾಗುತ್ತೆ. ಎಲ್ಲಿಡ್ಲೇ?"

"ಬಟನ್ ಮೇಲಿಡು ಅಜ್ಜಿ. ಅದೇ ತಾನೇ ಕೆಲ್ಸ ಮಾಡೋದು" ಎಂದೆ.

ಬಲಗಡೆ ಬಟನ್ನಿಗೆ ಗಂಧ, ಕುಂಕುಮದ ಒಂದು ಬೊಟ್ಟು. ಎಡಗಡೆ ಬಟನ್ನಿಗೆ ಒಂದು ಬೊಟ್ಟು. ಅಪ್ಪನ ಮಾತು ನನ್ನ ಕಿವಿಯಲ್ಲಿ ಇನ್ನೂ ಬಿಸಿಯಾಗಿಯೇ ಇತ್ತು. ಆದರೂ ನನ್ನ ಬಾಯಿಂದ ಇನ್ನೊಂದು ಮಾತು ಹೊರಬಿತ್ತು: "ಎಡಗಡೆಗೆ ಇನ್ನೂ ಸ್ವಲ್ಪ, ಅಜ್ಜಿ."

ಅಜ್ಜಿ ಇನ್ನೂ ಸ್ವಲ್ಪ ಇಟ್ಟಳು.

ಆ ಮಧ್ಯಾಹ್ನ ಅಜ್ಜಿ ನನಗೆ ಸಿಕ್ಕಳು. ಚೌಕಾಬಾರದ ಮನೆ ಬರೆದೆ, ಕವಡೆ ಕೊಟ್ಟೆ. ಅವಳು ಆಡಿದಳು, ಆದರೆ ಒಂದು ಸಲವೂ ಮೋಸ ಮಾಡಲಿಲ್ಲ. ಮನಸ್ಸು ಅಲ್ಲಿರಲಿಲ್ಲ. ದೇವರ ಮನೆಯ ಕಡೆಗೊಮ್ಮೆ ನೋಡಿ, "ಪಾಪ, ಇವತ್ತೊಂದಿನ ಅವ್ನಿಗೂ ರಜ" ಎಂದಳು. ನಾನು ಮೂರು ಆಟ ಗೆದ್ದೆ, ಮೂರೂ ಸಪ್ಪೆ.

ವಿಜಯದಶಮಿಯ ಬೆಳಗಿನ ಪೂಜೆಯಾಯಿತು. ಅಜ್ಜಿ ಗೇಮನ್ನು ಸೆರಗಿನಿಂದ ಒರೆಸಿ ಆಡಲು ಕೂತಳು. ಮಾಣಿ ಬಲಕ್ಕೆ ಹೋದ, ಅಲ್ಲೇ ನಿಂತ. ಅಜ್ಜಿ ಎಡಗಡೆ ಒತ್ತಿದಳು, ಮತ್ತೆ ಒತ್ತಿದಳು. ಎಡಗಡೆಯ ಕೋತಿ ಎಸೆಯುತ್ತಲೇ ಇತ್ತು. ಒಂದು, ಎರಡು, ಮೂರು. ಯಜಮಾನಿ ಪೊರಕೆ ಹಿಡಿದು ಬಂದಳು. ಅವತ್ತು ಯಾರೂ ನಗಲಿಲ್ಲ.

ಅಪ್ಪ ಅದನ್ನು ತಿರುಗಿಸಿ ನೋಡಿ, "ಗಂಧ ಒಳಗಿಳಿದು ಗಟ್ಟಿಯಾಗಿದೆ ಅಮ್ಮ. ಬಿಚ್ಚಿದ್ರೆ ಮತ್ತೆ ಸೇರ್ಸೋದು ಕಷ್ಟ" ಎಂದರು. ನನ್ನ ಕಡೆ ನೋಡಲಿಲ್ಲ. ಯಾಕೆ ನೋಡಿಯಾರು? ಹಚ್ಚಿದ್ದು ಅಜ್ಜಿ.

"ಮಗೂ ಸಾಮಾನು ನನ್ನ ಕೈಯಿಂದ್ಲೇ ಹಾಳಾಯ್ತಲ್ಲೋ" ಎಂದಳು ಅಜ್ಜಿ. ತಾನೇ ಅದನ್ನು ಎರಡೂ ಕೈಯಲ್ಲಿ ಹಿಡಿದು ಆ ಹದಿನಾರು ಮೆಟ್ಟಿಲು ಹತ್ತಿದಳು. ನಾನು ಕಿಟಕಿಯಿಂದ ನೋಡಿದೆ. ಗಿರಿಜಾಳ ತಾಯಿ ಬಾಗಿಲಲ್ಲಿ ನಿಂತು, "ಇರ್ಲಿ ಬಿಡ್ರೀ, ಆಟದ ಸಾಮಾನ ಅಲ್ಲೇನ್ರಿ, ನೀವ್ಯಾಕ ಅಷ್ಟ ಮನಸ್ಸಿಗೆ ಹಚ್ಕೋತೀರಿ" ಎನ್ನುತ್ತಿದ್ದರು. ಅಜ್ಜಿ ಒಂದೊಂದೇ ಮೆಟ್ಟಿಲು, ಗೋಡೆ ಹಿಡಿದು ಇಳಿದಳು. ಹಬ್ಬದೂಟದಲ್ಲಿ ಒಬ್ಬಟ್ಟು ಮುಟ್ಟಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಅಜ್ಜಿ ಇನ್ನು ಎದುರು ಮನೆಗೆ ಹೋಗುವುದಿಲ್ಲವೆಂದು ನನಗೆ ಸಂತೋಷವಾಗಬೇಕಾಗಿತ್ತು. ಅದರ ಬದಲು ನನ್ನ ಎಲೆಯ ಒಬ್ಬಟ್ಟೂ ಹಾಗೇ ಉಳಿಯಿತು.

ಸಂಜೆ ಗಿರಿಜಾ ಹೊಸ ಲಂಗ ಹಾಕಿಕೊಂಡು ಬಂದಳು. ಕೈಯಲ್ಲಿ ಒಂದಿಷ್ಟು ಬನ್ನಿ ಎಲೆ. ಅವರ ಕಡೆ ದಸರೆಯ ಸಂಜೆ ಮನೆಮನೆಗೆ ಹೋಗಿ ಬನ್ನಿ ಕೊಡುತ್ತಾರೆ. ಅದೇ ಬಂಗಾರವಂತೆ, ಅದನ್ನು ಕೊಟ್ಟು ತೆಗೆದುಕೊಂಡರೆ ಹಿಂದಿನ ಜಗಳ ಮುನಿಸು ಎಲ್ಲ ಮುಗಿಯಿತೆಂದು ಲೆಕ್ಕವಂತೆ. ನಮ್ಮ ಬೀದಿಯಲ್ಲಿ ಈ ಪದ್ಧತಿ ಇರಲಿಲ್ಲ. ಅವಳು ತಾತನಿಗೆ ಕೊಟ್ಟಳು, ಮಲಗಿದ್ದ ಅಜ್ಜಿಯ ಕಾಲು ಮುಟ್ಟಿ ನಮಸ್ಕರಿಸಿ ಅವಳ ಕೈಯಲ್ಲಿಟ್ಟಳು, ಆಮೇಲೆ ಕಟ್ಟೆಯ ಹತ್ತಿರ ನಿಂತಿದ್ದ ನನ್ನ ಕಡೆ ಬಂದಳು.

"ಬನ್ನಿ ತಗೊಂಡು ಬಂಗಾರದಂಗ ಇರೂಣು, ವಿಜಿ."

ಎಲೆ ಕೈಗೆ ಬಂದ ಕೂಡಲೇ ನನಗೆ ಅಳು ಬಂತು. ಎಲ್ಲ ಹೇಳಿಬಿಟ್ಟೆ. ಅಪ್ಪನ ಮಾತು ಕೇಳಿಸಿಕೊಂಡದ್ದು, ಎಡಗಡೆಗೆ ಇನ್ನೂ ಸ್ವಲ್ಪ ಎಂದದ್ದು, ಎಲ್ಲ. "ಬೇಕೂಂತ್ಲೇ ಮಾಡ್ದೆ ಕಣೇ. ನಿನ್ನ ಹತ್ರ ಗೇಮೂ ಇದೆ, ಈಗ ಅಜ್ಜೀನೂ ನಿಂಗೇ ಆಗ್ಬಿಟ್ಲು ಅಂತ."

ಗಿರಿಜಾ ಕೈಯಲ್ಲಿ ಉಳಿದ ಬನ್ನಿ ಎಲೆಗಳನ್ನು ಕಟ್ಟೆಯ ಮೇಲಿಟ್ಟಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಆ ಆಟ ನನಗ ನಾಕ ದಿನದಾಗ ಬ್ಯಾಸರಾಗಿತ್ತು" ಎಂದಳು. "ನಮ್ಮ ಅಜ್ಜಿ ಊರಾಗ ಅದಾಳ. ಇಲ್ಲಿ ಶಾಲಿಯಿಂದ ಬಂದ್ರ ಮಾತಾಡಾಕ ಯಾರೂ ಇಲ್ಲ. ನಿಮ್ಮ ಕಿಟಕ್ಯಾಗ ನೀವಿಬ್ರೂ ಕವಡಿ ಆಡೂದು ಮ್ಯಾಲಿಂದ ಕಾಣ್ತಿತ್ತು. ಆಟ ತೋರ್ಸಿದ್ರ ಅಜ್ಜಿ ನಮ್ಮ ಮನಿಗೂ ಬರ್ತಾರಂತ ತಂದಿದ್ದೆ."

ಪೆನ್ಸಿಲ್ ಡಬ್ಬಿ, ನಲ್ಲಿ ನೀರು, ಬೇವಿನ ಸೊಪ್ಪು ಎಂದು ಊರಿನವರನ್ನೆಲ್ಲ ನೋಡಿ ಉರಿಯುತ್ತಾ ಬಂದ ನಾನು, ನನ್ನನ್ನು ನೋಡಿಯೂ ಒಬ್ಬಳು ಮಹಡಿಯ ಮೇಲೆ ಉರಿಯುತ್ತಿದ್ದಾಳೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಕೈಯಲ್ಲಿದ್ದ ಬನ್ನಿಯನ್ನೇ ಅವಳಿಗೆ ತಿರುಗಿ ಕೊಟ್ಟೆ. ಪದ್ಧತಿ ಹಾಗೆಯೋ ಅಲ್ಲವೋ, ಅವಳು ತೆಗೆದುಕೊಂಡಳು.

"ಅಜ್ಜಿಗೆ ನಾ ಹೇಳೂದಿಲ್ಲ. ನೀನ ಹೇಳು" ಎಂದಳು.

ಹೇಳಿದೆ. ಅಜ್ಜಿ ಎದ್ದು ಕೂತು ಪೂರ್ತಿ ಕೇಳಿದಳು. ನನ್ನ ಕಿವಿ ಹಿಡಿದು ಚೆನ್ನಾಗಿ ಹಿಂಡಿದಳು, ಅದರಲ್ಲಿ ಮುಲಾಜಿಲ್ಲ. ಆಮೇಲೆ ದೊಡ್ಡದಾಗಿ ಉಸಿರು ಬಿಟ್ಟು, "ಸದ್ಯ. ನನ್ನ ಕೈಗುಣವೇ ಕೆಟ್ಟದ್ದೇನೋ ಅಂದ್ಕೊಂಡಿದ್ದೆ. ಹೋಗು, ಒಬ್ಬಟ್ಟು ತಗೊಂಬಾ, ಹಸಿವಾಗ್ತಿದೆ" ಎಂದಳು. ಕಟ್ಟೆಯ ಮೇಲಿಂದ ತಾತ, "ನನ್ನ ಮೊಮ್ಮಗಳೇ, ಅನುಮಾನ ಇಲ್ಲ" ಎಂದರು. ಹೊಗಳಿದ್ದೋ ಬೈದದ್ದೋ ಇವತ್ತಿಗೂ ಗೊತ್ತಿಲ್ಲ.

ಇಲ್ಲಿಗೆ ನನ್ನ ಹೊಟ್ಟೆಕಿಚ್ಚು ಆರಿತು ಎಂದರೆ ನೀವು ನಂಬುವುದಿಲ್ಲ, ನಾನೂ ಹೇಳುವುದಿಲ್ಲ. ಎರಡು ದಿನ ಬಿಟ್ಟು ಗಿರಿಜಾ ಓಡಿ ಬಂದಳು. "ಅಜ್ಜೀ, ಎರಡೂ ಹೆಬ್ಬಟ್ಟು ಇಟ್ಟು ಜೋರ್ ಒತ್ತಿದ್ರ ಅಂವ ಎಡಕ್ಕ ಹೋಗ್ತಾನ್ರಿ!" ನಿಜ, ಹೋಗುತ್ತಿದ್ದ. ಆದರೆ ಎರಡೂ ಹೆಬ್ಬೆರಳು ಎಡಕ್ಕೆ ಹೋದರೆ ಬಲಕ್ಕೆ ಒತ್ತುವವರು ಯಾರು? ಆದ್ದರಿಂದ ಇಬ್ಬರು ಬೇಕು. ಮೊದಲಾದರೆ ಒಬ್ಬರು ಆಡುವಾಗ ಇನ್ನೊಬ್ಬರು ದೂರ ಕೂರಬಹುದಿತ್ತು. ಈಗ ಗೇಮನ್ನು ಮಣೆಯ ಮೇಲಿಟ್ಟು, ಭುಜಕ್ಕೆ ಭುಜ ತಾಗಿಸಿ, ಬಲಗಡೆಗೆ ಅಜ್ಜಿ, ಎಡಗಡೆಗೆ ಗಿರಿಜಾ. ಇಬ್ಬರನ್ನೂ ಬೇರೆ ಮಾಡಲು ಹೋಗಿ ನಾನೇ ಅವರನ್ನು ಅಂಟಿಸಿಬಿಟ್ಟಿದ್ದೆ, ಅದೂ ಗಂಧ ಹಾಕಿ.

ನ್ಯಾಯಕ್ಕೆ ಎಡಗಡೆಯ ಜಾಗ ಒಂದು ದಿನ ಗಿರಿಜಾಳಿಗೆ, ಒಂದು ದಿನ ನನಗೆ ಎಂದು ತೀರ್ಮಾನವಾಯಿತು. ಅಜ್ಜಿ "ಹೂಂ" ಎನ್ನಬೇಕು, ನಾನು ಒತ್ತಬೇಕು. ಆಗ ನನಗೂ ಆಟ ಬಂತು. ಮಾಣಿ ಎಡಕ್ಕೆ ನನ್ನಿಂದ ಓಡುವನು, ಬಲಕ್ಕೆ ಅಜ್ಜಿಯಿಂದ. ಕಪ್ಪು ಒಡೆದರೆ ತಪ್ಪು ಯಾರದೆಂದು ಜಗಳ ಮಾಡಲು ಎರಡು ಪಕ್ಷಗಳಿದ್ದವು, ಇದರಿಂದ ಆಟದ ರುಚಿ ಎರಡು ಪಟ್ಟಾಯಿತು. ಒಂದು ಮಧ್ಯಾಹ್ನ ಅಜ್ಜಿ ಬಾಗಿಲ ಕಡೆ ನೋಡಿ, ಧ್ವನಿ ತಗ್ಗಿಸಿ ಹೇಳಿದಳು: "ಗಿರಿಜ ಒತ್ತೋದು ಸ್ವಲ್ಪ ನಿಧಾನ ಕಣೇ. ನಿನ್ನ ಜೊತೆ ಆಡಿದ್ರೇ ಆಟ. ಅವ್ಳಿಗೆ ಹೇಳ್ಬೇಡ, ಬೇಜಾರ್ ಮಾಡ್ಕೋತಾಳೆ."

ಹೇಳಲಿಲ್ಲ. ಮಾರನೆಯ ವರ್ಷ ಅವಳ ತಂದೆಗೆ ವರ್ಗವಾಗಿ ಅವರು ಹೊರಟಾಗಲೂ ಹೇಳಲಿಲ್ಲ, ಅಜ್ಜಿ ತೀರಿಹೋದಾಗ ಅವಳು ಬಂದು ನನ್ನ ಪಕ್ಕ ಕೂತಿದ್ದಾಗಲೂ ಹೇಳಲಿಲ್ಲ. ಆ ಒಂದು ಮಾತನ್ನು ಒಳಗೇ ಇಟ್ಟುಕೊಂಡು ನಾನು ಇಷ್ಟು ವರ್ಷ ಗಿರಿಜಾಳನ್ನು ಧಾರಾಳವಾಗಿ ಪ್ರೀತಿಸಿದ್ದೇನೆ.

ಈ ಸಲ ವಿಜಯದಶಮಿಯ ಸಂಜೆ ಎಂದಿನಂತೆ ಅವಳ ಫೋನ್ ಬಂತು. ಬನ್ನಿ ಬಂಗಾರ ಎಲ್ಲ ಆದ ಮೇಲೆ, ಟವೆಲಿನ ವಿಷಯ ಹೇಳಿ ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಅವಳು, "ವಿಜಿ, ಒಂದು ಮಾತು ಹೇಳ್ತೀನಿ, ಈಗ ಇಬ್ರಿಗೂ ವಯಸ್ಸಾತು, ಸಿಟ್ಟ ಮಾಡ್ಕೋಬ್ಯಾಡ" ಎಂದಳು. "ಅಜ್ಜಿ ನನಗೊಮ್ಮೆ ಹೇಳಿದ್ರು, ವಿಜಿ ಒತ್ತೂದು ಸ್ವಲ್ಪ ನಿಧಾನ, ನಿನ್ನ ಜೋಡಿ ಆಡಿದ್ರನ ಆಟ ಅಂತ. ನಿನಗ ಹೇಳಬ್ಯಾಡ ಅಂದಿದ್ರು."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ. ಅಯ್ಯೋ ಪಾಪ ಅನ್ನಿಸಿತು. ಇಷ್ಟು ವರ್ಷ ಅದನ್ನು ನಿಜವೆಂದು ನಂಬಿಕೊಂಡಿದ್ದಾಳೆ. ಅಜ್ಜಿ ಅವಳ ಸಮಾಧಾನಕ್ಕೆ ಹೇಳಿದ್ದೆಂದು ಈಗ ಹೇಗೆ ಹೇಳುವುದು?

"ಹೌದೇನೋ ಕಣೇ" ಎಂದೆ.